ಏನು ಅಡಿಗಿ ಇವತ್ತ?

ನಾವೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಹಿರಿಯ ಹೆಂಗಸು ಮಾತು ಕೇಳಿಸಿಕೊಳ್ಳುವಾಗ ತಲೆಯ ಮೇಲಿನ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ಕಿವಿಯ ಹಿಂದಕ್ಕೆ ಸರಿಸುತ್ತಿದ್ದರು. ಆ ಕಿವಿಯಲ್ಲಿ ಓಲೆ ಇರಲಿಲ್ಲ. ವರ್ಷಗಟ್ಟಲೆ ಭಾರದ ಓಲೆ ತೂಗಿ ತೂಗಿ ತೂತು ಉದ್ದಕ್ಕೆ ಜಗ್ಗಿ, ಗುಂಡಿ ಕಳೆದುಕೊಂಡ ಅಂಗಿಯ ಕಾಜದ ಹಾಗೆ ಕಾಣುತ್ತಿತ್ತು. ಮಾತಾಡುವವರು ಬಾಗಿ ಆ ಕಿವಿಯ ಹತ್ತಿರಕ್ಕೆ ಬಾಯಿ ತರಬೇಕು. ಇನ್ನೊಂದು ಕಿವಿ ಮಂದ. ಆ ಕಡೆ ಕೂತು ಏನು ಹೇಳಿದರೂ ಗೋಡೆಗೆ ಹೇಳಿದಂತೆ.

ಕೇಳುತ್ತಿದ್ದದ್ದು ಬಲಗಿವಿ ಎಂದು ಬರೆಯಲು ಹೋಗಿ ನಿಲ್ಲಿಸಿದ್ದೇನೆ. ನನಗೆ ಖಾತ್ರಿಯಿಲ್ಲ. ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವನು. ಆಧಾರವಿಲ್ಲದ ಮಾತನ್ನು ಒಪ್ಪಬೇಡಿ ಎಂದು ಮಕ್ಕಳಿಗೆ ಹೇಳುತ್ತೇನೆ, ಮನೆಗೆ ಬಂದು ನನ್ನದೇ ನೆನಪುಗಳ ಮೇಲೆ ಆ ವಿದ್ಯೆ ಪ್ರಯೋಗಿಸಿ ನಿದ್ದೆ ಕೆಡಿಸಿಕೊಳ್ಳುತ್ತೇನೆ. ಕಾಕುವನ್ನು ನೆನೆದಾಗಲೆಲ್ಲ ನಾನು ಅವರ ಬಲಕ್ಕೆ ಕೂತಿರುತ್ತೇನೆ. ಆದರೆ ಬಾಗಿಲು ಯಾವ ಕಡೆಗಿತ್ತು, ಬೆಳಕು ಎಲ್ಲಿಂದ ಬೀಳುತ್ತಿತ್ತು ಎಂದು ಕೇಳಿಕೊಂಡ ಕೂಡಲೇ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಬಿಡುತ್ತದೆ. ಅವರನ್ನು ಬಲ್ಲವರನ್ನು ವಿಚಾರಿಸಿದೆ. ಒಬ್ಬರು ಎಡ ಎಂದರು, ಇನ್ನೊಬ್ಬರು ಬಲ. ಮೂರನೆಯವರು, ಕರಾವಳಿ ಕಡೆಯ ಹೋಟೆಲಿನವರು, ನಕ್ಕು, “ಅವರಿಗೆ ಬೇಕಾದ್ದು ಎರಡೂ ಕಿವಿಯಲ್ಲಿ ಕೇಳ್ತಿತ್ತು ಮಾರಾಯ್ರೆ” ಎಂದರು. ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದೇಕೆ ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯಲು ಕೂತಿದ್ದೇನೆ.

ಪುಣೆಯ ಸದಾಶಿವ ಪೇಠದಲ್ಲಿ ಒಂದು ಹಳೆಯ ವಾಡೆ, ಅಂಗಳದ ಸುತ್ತ ಬಾಡಿಗೆ ಮನೆಗಳಿರುವ ದೊಡ್ಡ ಕಟ್ಟಡ. ಅದರ ಅಂಗಳದ ಮೂಲೆಯಲ್ಲಿ ಹಿಂದೆ ಕೋಚಿಂಗ್ ಕ್ಲಾಸ್ ನಡೆಯುತ್ತಿದ್ದ ಒಂದು ದೊಡ್ಡ ಕೋಣೆ. ಕ್ಲಾಸಿನವರು ಬಿಟ್ಟುಹೋದ ಕಪ್ಪುಹಲಗೆ ಗೋಡೆಯ ಮೇಲೆ ಹಾಗೇ ಇತ್ತು, ಒಂದು ಉದ್ದನೆಯ ಬೆಂಚೂ ಇತ್ತು. ಅಲ್ಲಿ ಪ್ರತಿ ಶನಿವಾರ ಒಂದಷ್ಟು ಜನ ಸೇರಿ ಧಾನ್ಯದ ಕೆಲಸ ನಡೆಸುತ್ತಿದ್ದರು. ಯಾರಿಗೂ ಸಂಬಳವಿಲ್ಲ. ಕೊಡುವವರು ಅಕ್ಕಿ, ಬೇಳೆ, ಹಿಟ್ಟು, ಎಣ್ಣೆ ತಂದು ಇಡುತ್ತಿದ್ದರು, ಬೇಕಾದವರು ಒಯ್ಯುತ್ತಿದ್ದರು. ಕೊಡುವವರಲ್ಲಿ ಆ ಹೋಟೆಲಿನವರಿದ್ದರು, ಮಗರಪಟ್ಟಾದ ಕಂಪನಿಗಳ ಹುಡುಗರಿದ್ದರು, ಪೇಠದ ಗೃಹಿಣಿಯರಿದ್ದರು. ಒಯ್ಯುವವರಲ್ಲಿ ಮನೆಗೆಲಸದ ಹೆಂಗಸರು, ವಾಚ್‌ಮನ್‌ಗಳು, ವಾಡೆಗಳ ಕತ್ತಲೆ ಕೋಣೆಗಳಲ್ಲಿ ಬಾಡಿಗೆಗಿದ್ದ ಮುದುಕರು, ಸರ್ಕಾರಿ ಪರೀಕ್ಷೆಗೆ ಓದುತ್ತೇವೆಂದು ದೂರದ ಜಿಲ್ಲೆಗಳಿಂದ ಬಂದು ಒಂದು ಹೊತ್ತು ಉಂಡು ಇನ್ನೊಂದು ಹೊತ್ತು ಚಹಾದಲ್ಲಿ ಕಳೆಯುತ್ತಿದ್ದ ಹುಡುಗ ಹುಡುಗಿಯರು. ಸೇವೆಗೆ ಬರುವ ಓದಿದವರು ಅದನ್ನು ಫುಡ್ ಬ್ಯಾಂಕ್ ಎನ್ನುತ್ತಿದ್ದರು. ಕಾಕು ಒಪ್ಪುತ್ತಿರಲಿಲ್ಲ. “ಬ್ಯಾಂಕ್ ಅಂದ್ರ ಸಹಿ ಕೇಳ್ತಾರ, ಫೋಟೋ ಕೇಳ್ತಾರ. ಇದು ಖೋಲಿ ಅದ, ಖೋಲಿ ಅನ್ರಿ.” ಹಾಗಾಗಿ ಎಲ್ಲರಿಗೂ ಅದು ಖೋಲಿ, ಬರೀ ಕೋಣೆ.

ಕಾಕು ಭೀಮಾ ನದಿಯ ಕರ್ನಾಟಕದ ಕಡೆಯ ದಂಡೆಯ ಹಳ್ಳಿಯವರು. ಮದುವೆಯಾಗಿ ಪುಣೆಗೆ ಬಂದು, ಗಂಡ ತೀರಿದ ಮೇಲೆ ಅದೇ ವಾಡೆಯ ಮಹಡಿಯಲ್ಲಿ ವಿದ್ಯಾರ್ಥಿಗಳಿಗೆ ಊಟದ ಮೆಸ್ ನಡೆಸಿ ಮಗನನ್ನು ಓದಿಸಿದವರು. ಮಗ ದುಡಿಯತೊಡಗಿದ ಮೇಲೆ ಮೆಸ್ ನಿಂತಿತು, ಅಡಿಗೆಯ ಚಿಂತೆ ನಿಲ್ಲಲಿಲ್ಲ. ಕೆಳಗೆ ಖೋಲಿ ಶುರುವಾದಾಗ ಬೆಂಚಿನ ತುದಿಯಲ್ಲಿ ಬಂದು ಕೂತರು. ಯಾರೂ ಅವರನ್ನು ನೇಮಿಸಲಿಲ್ಲ. ಆದರೆ ಅವರು ಕೂತ ಮೇಲೆ ಖೋಲಿಗೆ ಒಂದು ರೀತಿ ಬಂತು.

ಆ ರೀತಿ ಹೀಗೆ. ತೆರೆದಿಟ್ಟದ್ದು ಒಂದೇ ಬಾಗಿಲು. ಕೊಡಲು ಬಂದವರೂ ಒಯ್ಯಲು ಬಂದವರೂ ಅದರಲ್ಲೇ ಬಂದು, ಚೀಲ ತೊಡೆಯ ಮೇಲಿಟ್ಟುಕೊಂಡು, ಅದೇ ಬೆಂಚಿನ ಮೇಲೆ ಕೂರಬೇಕು. ಸರದಿ ಬಂದಾಗ ಕಾಕು ಕಿವಿ ಕೊಟ್ಟು ಎಲ್ಲರನ್ನೂ ಒಂದೇ ಮಾತು ಕೇಳುತ್ತಿದ್ದರು: “ಏನು ಅಡಿಗಿ ಇವತ್ತ?” ಮರಾಠಿಯವರಿಗೆ ಮರಾಠಿಯಲ್ಲಿ, ನಮ್ಮವರಿಗೆ ಕನ್ನಡದಲ್ಲಿ. ಬಂದವರು ಅವರ ಕಿವಿಯಲ್ಲಿ ಅಡಿಗೆಯ ಹೆಸರು ಹೇಳುತ್ತಿದ್ದರು. ಕಾಕು ಆ ಅಡಿಗೆಗೆ ಏನೇನು ಬೇಕು, ಯಾವ ಡಬ್ಬಿಯಲ್ಲಿದೆ ಎಂದು ಹೇಳಿ ಒಳಗೆ ಕಳಿಸುತ್ತಿದ್ದರು. ಕೋಣೆಯ ಹಿಂಭಾಗಕ್ಕೆ ಹಳೆಯ ಸೀರೆಯ ಪರದೆ. ಪರದೆಯ ಆಚೆಗೆ ಒಬ್ಬೊಬ್ಬರೇ ಹೋಗಬೇಕು. ಅಲ್ಲಿ ಚೀಲದಲ್ಲಿದ್ದದ್ದನ್ನು ಡಬ್ಬಿಗೆ ಸುರಿದರೋ, ಡಬ್ಬಿಯಲ್ಲಿದ್ದದ್ದನ್ನು ಚೀಲಕ್ಕೆ ತುಂಬಿಕೊಂಡರೋ, ಬೆಂಚಿನ ಮೇಲಿದ್ದವರಿಗೆ ಗೊತ್ತಾಗುವುದಿಲ್ಲ.

“ಯಾರಾದರೂ ಹೆಚ್ಚು ತುಂಬಿಕೊಂಡು ಹೋದರೆ?” ಎಂದು ಒಮ್ಮೆ ಕೇಳಿದ್ದೆ.

“ಒಯ್ದು ಏನು ಮಾಡ್ತಾರ ಮಾಸ್ತರ? ತಿಂತಾರ. ಹಿಟ್ಟು ಮತ್ತ್ಯಾತಕ್ಕ ಅದ?”

ಈ ಪ್ರಶ್ನೆಯ ಗುಣ ನನಗೆ ಅರ್ಥವಾದದ್ದು ನಿಧಾನಕ್ಕೆ. ಏನು ಬೇಕು ಎಂದು ಕೇಳಿದರೆ ಸಂಕೋಚದ ಮನುಷ್ಯ ‘ಸ್ವಲ್ಪ ಅಕ್ಕಿ’ ಎಂದು ಹೇಳಿ ಎದ್ದುಹೋಗುತ್ತಾನೆ. ಏನು ಅಡಿಗೆ ಎಂದು ಕೇಳಿದರೆ ‘ಮಸಾಲೆ ಭಾತ್’ ಎನ್ನುತ್ತಾನೆ. ಆಗ ಅಕ್ಕಿಯ ಜೊತೆ ಬೇಳೆ, ಎಣ್ಣೆ, ಲವಂಗ, ಒಣಕೊಬ್ಬರಿ ಎಲ್ಲವೂ ತಾವಾಗಿ ಬರುತ್ತವೆ. ಒಂದನ್ನೂ ಬಾಯಿಬಿಟ್ಟು ಬೇಡಬೇಕಾಗಿಲ್ಲ.

ಇದರಿಂದ ಎಡವಟ್ಟುಗಳೂ ಆಗುತ್ತಿದ್ದವು. ಮಗರಪಟ್ಟಾದಿಂದ ಬೆಂಗಳೂರಿನ ಒಬ್ಬ ಹುಡುಗ ಅಕ್ಕಿ ಕೊಡಲೆಂದು ಮೊದಲ ಸಲ ಬಂದ. ಕಾಕು ಏನು ಅಡಿಗಿ ಎಂದಾಗ ಗಾಬರಿಯಾಗಿ ‘ಮ್ಯಾಗಿ’ ಎಂದ. ಕಾಕು ಅವನ ಮುಖವನ್ನೊಮ್ಮೆ ನೋಡಿ, ಮುಂದಿನ ಡಬ್ಬಿಯಲ್ಲಿ ಜ್ವಾಳದ ಹಿಟ್ಟಿದೆ, ತುಂಬಿಕೋ, ಭಕ್ರಿ ಮಾಡು ಎಂದು ಒಳಗೆ ಅಟ್ಟಿದರು. ಅವನಿಗೆ ಇಲ್ಲ ಎನ್ನಲು ನಾಚಿಕೆ. ಅಕ್ಕಿ ಸುರಿದು, ಅದೇ ಚೀಲದಲ್ಲಿ ಹಿಟ್ಟು ಹೊತ್ತುಕೊಂಡು ಹೋದ. ಮುಂದಿನ ಶನಿವಾರ ಮತ್ತೆ ಹಾಜರು.

“ಕಾಕು, ಆ ಹಿಟ್ಟು ಸ್ವಲ್ಪ ಪ್ರಾಬ್ಲಂ ಮಾಡ್ತಿದೆ. ಚಪಾತಿ ಥರ ಲಟ್ಟಿಸಿದ್ರೆ ಫುಲ್ ಕ್ರ್ಯಾಕ್ ಆಗತ್ತೆ.”

“ಲಟ್ಟಿಸಿದಿ? ಯಪ್ಪಾ! ಜ್ವಾಳದ ಹಿಟ್ಟಿಗೆ ಲಟ್ಟಣಿಗಿ ತೋರಸ್ತಾರೇನೋ? ಕುದಿಯೋ ನೀರು ಹಾಕಿ ನಾದು. ಕೈಲೆ ಬಡಿ.”

“ಆಫೀಸ್ ಕಾಲ್‌ನಲ್ಲಿ ಇರ್ತೀನಿ ಕಾಕು. ಬಡಿಯೋ ಸೌಂಡ್ ಎಲ್ಲರಿಗೂ ಕೇಳತ್ತೆ.”

“ಕೇಳಲಿ ಬಿಡು. ನಿಮ್ಮ ಸಾಹೇಬಗೂ ಹಸಿವಿ ಆಗಲಿ.”

ಬೆಂಚಿನ ತುಂಬ ನಗು. ನಕ್ಕವರಲ್ಲಿ ಯಾರು ಕೊಡಲು ಬಂದವರು, ಯಾರು ಒಯ್ಯಲು ಬಂದವರು ಎಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಇಲ್ಲ.

ನಾನು ಅಲ್ಲಿಗೆ ಮೊದಲು ಹೋದದ್ದು ಒಂದು ಬೇಸಿಗೆಯಲ್ಲಿ. ಆಗ ನಾನು ತಾಸಿನ ಲೆಕ್ಕದಲ್ಲಿ ಪಾಠ ಮಾಡುತ್ತಿದ್ದ ಅಧ್ಯಾಪಕ. ರಜೆಯೆಂದರೆ ಸಂಬಳವಿಲ್ಲದ ತಿಂಗಳುಗಳು. ಪೇಠದಲ್ಲೇ ಒಂದು ಕೋಣೆಯಲ್ಲಿ ಒಬ್ಬನೇ ಇದ್ದೆ. ಆ ಮೊದಲ ದಿನವನ್ನು ನಾನು ಎಲ್ಲರಿಗೂ ಒಂದೇ ರೀತಿ ಹೇಳುತ್ತ ಬಂದಿದ್ದೇನೆ. ದಾರಿಯಲ್ಲಿ ಹೋಗುತ್ತಿದ್ದೆ, ವಾಡೆಯೊಳಗೆ ಜನ ಕಂಡರು, ವಿಷಯ ತಿಳಿದು ಎದುರಿನ ಅಂಗಡಿಯಲ್ಲಿ ತೊಗರಿಬೇಳೆ ಕೊಂಡು ಒಳಗೆ ಹೋದೆ, ಕೊಟ್ಟೆ, ಆ ಜಾಗ ಹಿಡಿಸಿತು, ಸೇವೆಗೆ ಸೇರಿಕೊಂಡೆ. ಚೆಂದದ ಕತೆ. ಹೇಳಿ ಹೇಳಿ ನುಣ್ಣಗಾಗಿದೆ.

ತೊಂದರೆ ಕೊಡುವುದು ಚೀಲ. ಅವ್ವ ಊರಿನಿಂದ ಕಳಿಸಿದ್ದ ನೀಲಿ ಪಟ್ಟೆಯ ಬಟ್ಟೆಚೀಲ. ನೆನಪಿನಲ್ಲಿ ಅದು ಮಡಿಚಿಕೊಂಡು ನನ್ನ ಕಂಕುಳಲ್ಲಿದೆ. ಬೇಳೆ ತುಂಬಿದ ಚೀಲವನ್ನು ಮಡಿಚಿ ಕಂಕುಳಲ್ಲಿಟ್ಟುಕೊಳ್ಳಲು ಬರುವುದಿಲ್ಲ.

ಬೆಂಚಿನ ಮೇಲೆ ಕೂತೆ. ಕಾಕು ಮರಾಠಿಯಲ್ಲಿ ಅಡಿಗೆಯ ಮಾತು ಕೇಳಿದರು. ನಾನು ಅರೆಬರೆ ಮರಾಠಿಯಲ್ಲಿ ಏನೋ ಹೇಳಿದೆ.

“ಸಾಕ್ರಿ, ಆ ಮರಾಠಿಗೆ ನೋವಾಗ್ತದ. ಕನ್ನಡದವ್ರು ಹೌದಲ್ಲ? ಕಿವ್ಯಾಗ ಹೇಳ್ರಿ. ಏನು ಅಡಿಗಿ ಇವತ್ತ?”

“ಏನಿಲ್ಲ ಕಾಕು, ಒಂದು ಸಾರು ಮಾಡ್ಕೋತೀನಿ.”

“ನಿಮ್ಮ ಕಡೆ ಬಿಸಿ ನೀರಿಗೆ ಸಾರು ಅಂತಾರೇನು? ಮಾರಿ ನೋಡ್ರಿ ಹ್ಯಾಂಗ ಇಳದದ. ಇವತ್ತ ಜುಣಕಾ ಮಾಡ್ರಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹುರೀರಿ, ಕಡ್ಲಿ ಹಿಟ್ಟು ಹಾಕಿ ತಿರುವಿಕೋತ ನಿಂದರ್ರಿ. ಕೈ ಬಿಟ್ರ ಗಂಟಾಗ್ತದ.”

ಕೈ ಬಿಟ್ಟಿದ್ದೆ. ಗಂಟಾಗಿತ್ತು. ಆ ಸಂಜೆ ಕೋಣೆಯಲ್ಲಿ ನೆಲದ ಮೇಲೆ ಕೂತು ಗಂಟುಗಂಟಾದ ಜುಣಕಾ ತಿಂದದ್ದು, ಒಂದು ಗಂಟು ಒಡೆದು ಒಳಗಿನ ಹಸಿ ಹಿಟ್ಟು ನಾಲಿಗೆಗೆ ಅಂಟಿದ್ದು ಮಾತ್ರ ಖಂಡಿತ. ಇದೊಂದನ್ನು ನಾನು ಅನುಮಾನಿಸುವುದಿಲ್ಲ. ಹಾಗಾದರೆ ಅಂದು ನನ್ನ ಮನೆಗೆ ಕಡಲೆ ಹಿಟ್ಟು ಬಂದಿತ್ತು. ಬಂದಿತ್ತೆಂದರೆ ನಾನು ಒಯ್ಯಲು ಹೋದವನು. ಆದರೆ ಮಗರಪಟ್ಟಾದ ಹುಡುಗ ಕೊಡಲು ಬಂದೂ ಹಿಟ್ಟು ಹೊತ್ತುಕೊಂಡು ಹೋಗಲಿಲ್ಲವೇ? ಬೇಳೆ ಸುರಿದು ಖಾಲಿಯಾದ ಮೇಲೆ ಚೀಲ ಮಡಿಚಿರಬಹುದಲ್ಲ? ಕಾಕುವಿನ ಆ ಒಂದು ಬಾಗಿಲು, ಆ ಪರದೆ ನನ್ನ ತರ್ಕದ ಕಾಲು ಮುರಿದು ಕೂರಿಸಿವೆ.

ಆಮೇಲೆ ವರ್ಷಗಟ್ಟಲೆ ಹೋದೆ. ಗೋಣಿ ಇಳಿಸಿದೆ, ನೆಲ ಗುಡಿಸಿದೆ, ಹುಳ ಬಿದ್ದ ಹೆಸರುಕಾಳನ್ನು ಅಂಗಳದಲ್ಲಿ ಒಣಹಾಕಿದೆ. ಸಂಬಳ ಬರತೊಡಗಿದ ಮೇಲೆ ಬೇಳೆಯನ್ನೂ ತಂದು ಕೊಟ್ಟೆ. ಪ್ರತಿ ಶನಿವಾರ ಕಾಕು ನನ್ನನ್ನೂ ಕೇಳುತ್ತಿದ್ದರು. ಸುಳ್ಳು ಹೇಳುವಂತಿರಲಿಲ್ಲ. ಬದನೆಕಾಯಿ ಎಂದು ಹೇಳಿದರೆ ಮುಂದಿನ ವಾರ “ಬದ್ನಿಕಾಯಿ ಎಳೀವು ಸಿಕ್ಕುವೇನು? ಎಣ್ಣಿ ಬಿಟ್ಟಿತ್ತೇನು?” ಎಂದು ವಿಚಾರಣೆ ಇರುತ್ತಿತ್ತು. ಹೀಗಾಗಿ ಗುರುವಾರವೇ ಯೋಚನೆ ಶುರುವಾಗುತ್ತಿತ್ತು, ಈ ಸಲ ಏನೆಂದು ಹೇಳಲಿ? ಹೇಳಲು ಒಂದು ಅಡಿಗೆ ಬೇಕು ಎಂಬ ಕಾರಣಕ್ಕೆ ನಾನು ಅಡಿಗೆ ಕಲಿತೆ. ಪುಣೆಯಲ್ಲಿ ನಾನು ಸಂಜೆ ಏನು ಉಣ್ಣುತ್ತೇನೆ ಎಂದು ತಿಳಿದಿದ್ದ ಒಂದೇ ಜೀವ ಅವರು.

ಖೋಲಿಗೆ ಬರುವವರು ಹೆಚ್ಚಿದರು. ಬೆಂಚು ಸಾಲದೆ ಜನ ಅಂಗಳದ ಬಿಸಿಲಿನಲ್ಲಿ ನಿಲ್ಲತೊಡಗಿದರು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಮರಾಠಿ ಹೆಂಗಸು ಖೋಲಿಯ ಕೆಲಸದಲ್ಲಿ ಎಲ್ಲರಿಗಿಂತ ಹೆಚ್ಚು ದುಡಿಯುತ್ತಿದ್ದವರು. ನಾವು ಅವರನ್ನು ಬ್ಯಾಂಕಿನ ಬಾಯಿ ಎನ್ನುತ್ತಿದ್ದೆವು. ಹಿಂದಿನ ಓಣಿಯ ಕಡೆಗಿರುವ ಮುಚ್ಚಿದ ಬಾಗಿಲು ತೆರೆಯೋಣ, ಕೊಡುವವರು ಅಲ್ಲಿಂದ ಬರಲಿ, ಒಯ್ಯುವವರು ಅಂಗಳದ ಕಡೆಯಿಂದ. ಪರದೆ ತೆಗೆದು ಪೊಟ್ಟಣ ಕಟ್ಟಿಟ್ಟರೆ ಬೇಗ ಮುಗಿಯುತ್ತದೆ ಎಂದು ಅವರು ಸೂಚಿಸಿದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಬಿಸಿಲಲ್ಲಿ ನಿಂತವರ ಸಂಕಟ ಎಲ್ಲರಿಗೂ ಕಾಣುತ್ತಿತ್ತು. ಕಾಕು ಇಷ್ಟೇ ಹೇಳಿದರು: “ಮಾಡ್ರಿ, ನೋಡೂಣು.”

ಆ ಶನಿವಾರ ನಾನು ಹೋದಾಗ ಅಂಗಳದ ನೆಲದ ಮೇಲೆ ಸುಣ್ಣದಲ್ಲಿ ಎರಡು ಬಾಣಗಳು. ಒಂದು ಓಣಿಯ ಕಡೆ, ಒಂದು ಕೋಣೆಯ ಕಡೆ. ರೂಢಿಯಂತೆ ನೀಲಿ ಪಟ್ಟೆಯ ಚೀಲ ಮಡಿಚಿ ಕಂಕುಳಲ್ಲಿತ್ತು. ಸೇವೆಯವರು ಓಣಿಯ ಬಾಗಿಲಿನಿಂದ ಬರಬೇಕೆಂದು ನನಗೆ ಗೊತ್ತಿತ್ತು. ಆದರೂ ಯಾವಾಗಲೋ ನೋಡಿಕೊಂಡಾಗ ನಾನು ಕೋಣೆಯ ಕಡೆಯ ಸಾಲಿನಲ್ಲಿ, ಒಬ್ಬ ವಾಚ್‌ಮನ್ ಹಿಂದೆ, ನಿಂತಿದ್ದೆ. ಅಭ್ಯಾಸ ಎನ್ನಬಹುದು; ವಾರವಾರ ಹೋಗುತ್ತಿದ್ದ ಬಾಗಿಲೇ ಅದು. ಆದರೆ ಕಾಲಿನ ಕೆಳಗೆ ಬಾಣ ಕಂಡಾಗ ನನ್ನ ಮೈ ಬಿಸಿಯಾಯಿತು. ಅಭ್ಯಾಸಕ್ಕೆ ಹಾಗಾಗುವುದಿಲ್ಲ.

ಅದೇ ಹೊತ್ತಿಗೆ ವಾಡೆಯ ಹೆಬ್ಬಾಗಿಲಲ್ಲಿ ಒಬ್ಬಳು ಹುಡುಗಿ ಬಂದು ನಿಂತಳು. ಪರೀಕ್ಷೆಗೆ ಓದುತ್ತಿದ್ದವಳು, ಪ್ರತಿ ವಾರ ಬಂದು ಕಾಕುವಿನ ಕಿವಿಯಲ್ಲಿ ‘ಖಿಚಡಿ’ ಎಂದು ಹೇಳುತ್ತಿದ್ದವಳು. ಬಾಣ ನೋಡಿದಳು. ಸಾಲಿನಲ್ಲಿ ನಿಂತವರನ್ನು ನೋಡಿದಳು. ಮೊಬೈಲ್ ತೆಗೆದು ಯಾರದೋ ಕರೆ ಬಂದವಳಂತೆ ಕಿವಿಗೆ ಹಿಡಿದು, ತಿರುಗಿ ಹೊರಟುಹೋದಳು.

ಕಾಕು ಬೆಂಚಿನಿಂದ ಎದ್ದರು.

“ಮಾಸ್ತರ, ಬರ್ರಿ, ಈ ಬೆಂಚ ಹಿಡೀರಿ. ಒಳಗ ಉಸಿರು ಕಟ್ಟತದ.”

ಇಬ್ಬರೂ ಸೇರಿ ಬೆಂಚನ್ನು ಅಂಗಳಕ್ಕೆ ತಂದೆವು. ಕಾಕು ಅದನ್ನು ಸರಿಯಾಗಿ ಎರಡು ಬಾಣಗಳ ನಡುವೆ, ಬೇವಿನ ಮರದ ನೆರಳಿಗೆ ಹಾಕಿಸಿ ಕೂತರು. ಪಕ್ಕದ ಜಾಗವನ್ನು ಕೈಯಿಂದ ತಟ್ಟಿ, ಮೊದಲು ಈ ಸಾಲಿನಿಂದ ಒಬ್ಬರನ್ನು, ಆಮೇಲೆ ಓಣಿಯ ಕಡೆಗೆ ಹೊರಟಿದ್ದ ಒಬ್ಬರನ್ನು ಕರೆದು, ಏನು ಅಡಿಗಿ ಎಂದು ಕೇಳತೊಡಗಿದರು. ಹೋಟೆಲಿನವರು ಅಕ್ಕಿಯ ಚೀಲ ಹೆಗಲ ಮೇಲೆ ಇಟ್ಟುಕೊಂಡೇ ಬಾಗಿ ಕಿವಿಯಲ್ಲಿ ಹೇಳಿದರು.

“ಮೀನಾ? ಒಬ್ಬರ ತಿಂತೀರಿ, ಹೇಳೋದ ಮಾತ್ರ ನನಗ!”

ಮಧ್ಯಾಹ್ನದ ಹೊತ್ತಿಗೆ ಸಾಲುಗಳು ಕಲೆತುಹೋಗಿದ್ದವು. ಜನ ಬೆಂಚಿನ ಸುತ್ತ ನೆರಳಿನಲ್ಲಿ ಕೂತಿದ್ದರು. ಬ್ಯಾಂಕಿನ ಬಾಯಿ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿ, “ಕಾಯ್ ಹೋ ಕಾಕು!” ಏನ್ರೀ ಇದು, ಎಂದು ನಕ್ಕುಬಿಟ್ಟರು. ನಗುತ್ತಲೇ ಬಂದು ಬೆಂಚಿನ ಮೇಲೆ ಕೂತು, ತಮ್ಮ ಮನೆಯಲ್ಲಿ ಅಂದು ಆಮಟಿ, ಹುಳಿ ಹಾಕಿದ ಬೇಳೆಸಾರು, ಎಂದು ಹೇಳಿದರು.

ಮುಂದಿನ ವಾರ ಬಾಣಗಳು ಇರಲಿಲ್ಲ. ನಾನು ಒರೆಸಿದ್ದೆಂದು ನನ್ನ ನೆನಪು, ತಾವು ಒರೆಸಿದ್ದೆಂದು ಬ್ಯಾಂಕಿನ ಬಾಯಿಯವರದು. ಬೇವಿನ ಕೆಳಗೆ ಇನ್ನೊಂದು ಬೆಂಚು ಬಂತು. ಖಿಚಡಿಯ ಹುಡುಗಿಯೂ ಬಂದಳು ಎಂದು ನೆನಪಿದೆ. ಆದರೆ ಅವಳು ಬಂದಿರಬೇಕು ಎಂದು ನನಗೆ ಬಹಳ ಆಸೆಯಿದೆ, ಆದ್ದರಿಂದ ಆ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ.

ಬಾಣಗಳಿದ್ದ ಆ ಶನಿವಾರ ಸಂಜೆ ಬೆಂಚನ್ನು ಒಳಗೆ ಒಯ್ಯುವಾಗ ಕಾಕು ನನ್ನ ಮುಖ ನೋಡದೆ ಕೇಳಿದ್ದರು: “ಆ ಸಾಲಿನ್ಯಾಗ ಯಾಕ ನಿಂತಿದ್ರಿ ಮಾಸ್ತರ?”

“ನೋಡ್ಲಿಲ್ಲ ಕಾಕು, ಸುಮ್ನೆ ನಿಂತ್ಬಿಟ್ಟೆ.”

“ಹಂಗಾ,” ಎಂದರು. ಅಷ್ಟೇ.

ಆ ‘ಹಂಗಾ’ ನನ್ನೊಳಗೆ ಉಳಿಯಿತು. ಅವರಿಗೆ ಗೊತ್ತಿತ್ತೇ? ಮೊದಲ ದಿನದ ಚೀಲವನ್ನು ಅವರು ನೋಡಿದ್ದರೇ? ಕೇಳಬೇಕು ಎಂದುಕೊಳ್ಳುತ್ತಿದ್ದೆ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ ಎಂದು ಸುಮ್ಮನಾಗುತ್ತಿದ್ದೆ. ಅಷ್ಟರಲ್ಲಿ ನನಗೆ ಕಾಯಂ ಕೆಲಸ ಸಿಕ್ಕಿ ನಿಗಡಿಗೆ ಮನೆ ಬದಲಾಯಿಸಿದೆ. ದೂರ. ಶನಿವಾರಗಳು ತಪ್ಪತೊಡಗಿದವು.

ಮಳೆಗಾಲದಲ್ಲಿ ಕಾಕು ವಾಡೆಯ ಮೆಟ್ಟಿಲ ಮೇಲೆ ಬಿದ್ದರು. ಮತ್ತೆ ಏಳಲಿಲ್ಲ. ನಾನು ಒಂದು ಮಧ್ಯಾಹ್ನ ಜುಣಕಾ ಮಾಡಿ, ಭಕ್ರಿ ಬಡಿದು, ಡಬ್ಬಿಗೆ ಹಾಕಿಕೊಂಡು ನೋಡಲು ಹೋದೆ. ಮಹಡಿಯ ಕೋಣೆಯಲ್ಲಿ ಮಂಚವನ್ನು ಗೋಡೆಗೆ ಒತ್ತಿ ಹಾಕಿದ್ದರು. ಕೂರಲು ಒಂದೇ ಪಕ್ಕ, ಅಲ್ಲೇ ಕೂತೆ. ಸೊಸೆ ಒಂದು ತುತ್ತು ತಿನ್ನಿಸಿದಳು. ಕಾಕು ಬಹಳ ಹೊತ್ತು ಬಾಯಾಡಿಸಿದರು.

“ಉಪ್ಪು ಕಡಿಮಿ,” ಎಂದರು. ಆಮೇಲೆ, “ಗಂಟಿಲ್ಲ.”

ಸೊಸೆ ನೀರು ತರಲು ಒಳಗೆ ಹೋದಳು. ಇದೇ ಸಮಯ ಎನ್ನಿಸಿತು. ಅವಳಿಗೆ ಕೇಳಿಸಬಾರದೆಂದು ಬಾಗಿ, ಕಿವಿಯ ಹತ್ತಿರ ಪಿಸುದನಿಯಲ್ಲಿ ಕೇಳಿದೆ:

“ಕಾಕು, ಮೊದಲ್ನೇ ದಿನ ನಾನು ಕೊಡಕ್ಕೆ ಬಂದಿದ್ನಾ, ತಗೊಂಡು ಹೋಗಕ್ಕೆ ಬಂದಿದ್ನಾ? ನಿಮಗೆ ನೆನಪಿದ್ಯಾ?”

ಅವರ ಕಣ್ಣು ಮುಚ್ಚಿತ್ತು. ತಲೆಯ ಮೇಲೆ ಸೆರಗಿರಲಿಲ್ಲ. ಆದರೂ ಎರಡು ಬೆರಳು ಮೇಲೆದ್ದು, ಕಿವಿಯ ಹತ್ತಿರ ಇಲ್ಲದ ಸೆರಗನ್ನು ಸರಿಸಿದವು. ನಾನು ಇನ್ನಷ್ಟು ಬಾಗಿದೆ.

“ರಾತ್ರಿಗೆ ಏನು ಮಾಡ್ತೀಯೋ ತಮ್ಮಾ ಅಡಿಗಿ?”

ಅಷ್ಟು ವರ್ಷದಲ್ಲಿ ಅವರು ನನಗೆ ಬಹುವಚನ ಬಿಟ್ಟು ಮಾತಾಡಿದ್ದು ಅದೊಂದೇ ಸಲ.

“ಸಾರು, ಕಾಕು,” ಎಂದು ಜೋರಾಗಿ ಹೇಳಿದೆ. ಒಳಗಿದ್ದ ಸೊಸೆಗೂ ಕೇಳುವಷ್ಟು ಜೋರಾಗಿ. ಕಾಕುವಿನ ಮುಖದಲ್ಲಿ ನಗು ಹರಡಿತು. “ಮತ್ತ ಬಿಸಿ ನೀರ,” ಎಂದರು.

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ತರಗತಿಯಲ್ಲಿದ್ದೆ. ಮುಂದಿನ ಶನಿವಾರ ಖೋಲಿಗೆ ಹೋದೆ. ಎಲ್ಲರೂ ಬಂದಿದ್ದರು. ಬೆಂಚು ತುಂಬಿತ್ತು, ತುದಿಯ ಒಂದು ಜಾಗ ಬಿಟ್ಟು. ಯಾರೂ ಪರದೆಯ ಆಚೆಗೆ ಹೋಗಲಿಲ್ಲ. ಕೇಳದೆ ಹೋಗುವುದು ಹೇಗೆಂದು ಯಾರಿಗೂ ತಿಳಿದಿರಲಿಲ್ಲ. ಕೊನೆಗೆ ಬ್ಯಾಂಕಿನ ಬಾಯಿ ಕಣ್ಣೊರೆಸಿಕೊಂಡು ಆ ಜಾಗದಲ್ಲಿ ಕೂತು, ಮರಾಠಿಯಲ್ಲಿ, ಇವತ್ತು ಏನು ಅಡಿಗೆ ಎಂದು ಕೇಳಿದರು. ಬಾಯಿಯವರ ಎರಡು ಕಿವಿಯೂ ಚೆನ್ನಾಗಿವೆ. ಆದರೂ ಜನ ಬಾಗಿ ಅವರ ಕಿವಿಯಲ್ಲೇ ಹೇಳಿದರು. ನಾನು ನೋಡುತ್ತ ನಿಂತೆ. ಜನರ ಮೈಗೆ ಅಭ್ಯಾಸವಿರುತ್ತದಲ್ಲ, ಕಾಕುವಿನ ಯಾವ ಕಿವಿ ಎಂದು ಅದರಿಂದಲಾದರೂ ತಿಳಿದೀತು ಎಂದು. ಕೆಲವರು ಎಡಕ್ಕೆ ಬಾಗಿದರು, ಕೆಲವರು ಬಲಕ್ಕೆ.

ಆ ಮಧ್ಯಾಹ್ನ ಮಂಚದ ಬಳಿ ನಾನು ಕೂತದ್ದು ಮಂದ ಕಿವಿಯ ಪಕ್ಕವಾಗಿದ್ದರೆ ನನ್ನ ಪ್ರಶ್ನೆ ಅವರನ್ನು ತಲುಪಲೇ ಇಲ್ಲ. ಕೇಳುವ ಕಿವಿಯ ಪಕ್ಕವಾಗಿದ್ದರೆ ಅವರು ಕೇಳಿಸಿಕೊಂಡು, ಎಲ್ಲರನ್ನೂ ಕೇಳುತ್ತಿದ್ದ ಆ ಪ್ರಶ್ನೆಯನ್ನೇ ನನಗೆ ಉತ್ತರವಾಗಿ ಕೊಟ್ಟರು. ಮಂಚದ ತಲೆ ಕಿಟಕಿಯ ಕಡೆಗಿತ್ತೋ ಬಾಗಿಲ ಕಡೆಗಿತ್ತೋ ನೆನಪಾದರೆ ತಿಳಿಯುತ್ತಿತ್ತು. ನೆನಪಾಗುವುದಿಲ್ಲ.

ನಿಗಡಿಯ ಮನೆಯಲ್ಲಿ ಸಂಜೆ ಅಡಿಗೆಮನೆಯ ದೀಪ ಹಾಕಿ ನಿಲ್ಲುತ್ತೇನೆ. ಏನು ಅಡಿಗೆ ಎಂದು ಕೇಳುವವರಿಲ್ಲ. ಒಲೆ ಹಚ್ಚುವ ಮೊದಲು ಬಲಕ್ಕೆ ಸ್ವಲ್ಪ ಬಾಗಿ, ಇವತ್ತು ಜುಣಕಾ ಕಾಕು, ಎಂದು ಮೆಲ್ಲಗೆ ಹೇಳುತ್ತೇನೆ. ಆಮೇಲೆ ಅನುಮಾನವಾಗಿ, ಎಡಕ್ಕೂ ಬಾಗಿ ಇನ್ನೊಮ್ಮೆ ಹೇಳುತ್ತೇನೆ.